ಜೀನ್ಸ್ ತುಂಡುಗಳ ತೆರೆ ಬಯಲಲ್ಲಿ ಗಾಳಿಗೆ ನಿಲ್ಲುವುದೆ?

ಪ್ರಶ್ನೆ: ಬಳ್ಳಾರಿಯ ಜೀನ್ಸ್ ಹೊಲಿಗೆ ಘಟಕಗಳ ಕತ್ತರಿಕೆ ಚೂರುಗಳಿಂದ 5 ಮೀಟರ್ ಅಗಲ, 3 ಮೀಟರ್ ಎತ್ತರದ ತೆರೆ ಹೊಲಿದು ಮೈದಾನದಲ್ಲಿ ಇನ್‌ಸ್ಟಲೇಶನ್ (ಜಾಗದಲ್ಲೇ ಕಟ್ಟಿ ನಿಲ್ಲಿಸುವ ಕಲಾಕೃತಿ) ಮಾಡಬೇಕು. ಹೇಗೆ ಕಟ್ಟುವುದು?

ಉತ್ತರ: ಇಲ್ಲಿ ಶತ್ರು ಬಟ್ಟೆಯ ತೂಕವಲ್ಲ, ಗಾಳಿ. ಗಂಟೆಗೆ 60 ಕಿ.ಮೀ. ಗಾಳಿ ಒಂದು ಚದರ ಮೀಟರಿಗೆ ಸುಮಾರು 17 ಕಿಲೋ ಒತ್ತುತ್ತದೆ. ನಿಮ್ಮ 15 ಚದರ ಮೀಟರಿಗೆ 250 ಕಿಲೋ ದಾಟುತ್ತದೆ. ಏಪ್ರಿಲ್–ಮೇ ತಿಂಗಳ ಗುಡುಗು ಮಳೆಯ ಮುಂಚಿನ ಬಿರುಗಾಳಿ ಅಷ್ಟು ಬೀಸಬಲ್ಲದು. ಕಲಾವಿದ ದಂಪತಿ ಕ್ರಿಸ್ಟೊ ಮತ್ತು ಜೀನ್–ಕ್ಲೋಡ್ 1972ರಲ್ಲಿ ಅಮೆರಿಕದ ಕೊಲರಾಡೊದ ಕಣಿವೆಗೆ ಕಟ್ಟಿದ ಬೃಹತ್ ಪರದೆಯನ್ನೂ 28 ಗಂಟೆಯಲ್ಲಿ ಬಿರುಗಾಳಿಯಿಂದಾಗಿ ಬಿಚ್ಚಬೇಕಾಯಿತು.

ಆದ್ದರಿಂದ ಇಡೀ ತೆರೆ ಹೊಲಿಯಬೇಡಿ. ನರ್ಸರಿಯ 50% ನೆರಳು ಬಲೆ ತಂದು, ಚೂರುಗಳನ್ನು ಅಲ್ಲಲ್ಲಿ ಮೇಲಂಚಿಗೆ ಮಾತ್ರ ಹೊಲಿದು ಜೋತುಬಿಡಿ, ಅರ್ಧ ಜಾಗ ಖಾಲಿ ಇರಲಿ. ಗಾಳಿ ಹಾಯುತ್ತದೆ, ಚೂರುಗಳೂ ಅಲುಗಾಡಿ ಚೆಂದ ಕಾಣುತ್ತವೆ. ಗಾಳಿ ಹಾಯಲೆಂದು ಬಟ್ಟೆಗೆ ಅರ್ಧಚಂದ್ರ ಸೀಳು ಹಾಕುವ ರೂಢಿಯಿಂದ ಅಷ್ಟೇನೂ ಪ್ರಯೋಜನವಿಲ್ಲ. ಹರಿಯುವುದು ಅಲ್ಲಿಂದಲೇ ಶುರು. ಅಂಚು ಎರಡು ಮಡಿಕೆ ಮಾಡಿ ಒಳಗೆ ಹಗ್ಗ ಓಡಿಸಿ, 30 ಸೆಂ.ಮೀ.ಗೊಂದು ಹಗ್ಗ ಪೋಣಿಸುವ ಕಣ್ಣು (ಐಲೆಟ್) ಹೊಡೆಸಿ. ಮೇಲಂಚನ್ನು ಕಂಬಗಳಿಗೆ ನೈಲಾನ್ ಹಗ್ಗದಿಂದ, ಕೆಳಗಿನದನ್ನು ತೆಳು ಹತ್ತಿ ದಾರದಿಂದ ಕಟ್ಟಿ: ಗಾಳಿ ಜೋರಾದರೆ ದಾರ ಕಡಿದು ಕಂಬ ಉಳಿಯುತ್ತದೆ.

ಎರೆ ಮಣ್ಣಲ್ಲಿ ಗೂಟ ನಂಬಬೇಡಿ. ಬೇಸಿಗೆಯಲ್ಲಿ ಬಿರುಕು ಬಿಟ್ಟು ಸಡಿಲ, ನೆನೆದರೆ ಜಾರುತ್ತದೆ. ಪ್ರತಿ ಕಂಬಕ್ಕೆ ಹಿಂದೊಂದು ಮುಂದೊಂದು, ಮರಳು ತುಂಬಿದ 200 ಲೀಟರ್ ಡ್ರಮ್‌ಗೆ 45 ಡಿಗ್ರಿಯಲ್ಲಿ ಹಗ್ಗ ಬಿಗಿಯಿರಿ. ಕಂಬದ ಬುಡಕ್ಕೂ ಮರಳು ಚೀಲ ಬೇಕು. ವಿದ್ಯುತ್ ಕಂಬಕ್ಕೆ ಮಾತ್ರ ಯಾವತ್ತೂ ಕಟ್ಟಬೇಡಿ.