ಇಲ್ಲದ ಅಣ್ಣ: ಒಂದು ಆಶ್ರಯ ಅರ್ಜಿಯ ಪ್ರಕರಣ

ಆಸ್ಟ್ರೇಲಿಯಾದಲ್ಲಿ ರಕ್ಷಣಾ ವೀಸಾ, ಅಂದರೆ ಸ್ವದೇಶಕ್ಕೆ ಮರಳಲು ಹೆದರುವವರು ಆಶ್ರಯಕ್ಕಾಗಿ ಕೇಳುವ ವೀಸಾ, ನಿರಾಕರಣೆಯಾದವರಿಗೆ ಆಪ್ತಸಲಹೆ ನೀಡುವ ನನ್ನ ಮುಂದೆ ಒಂದೇ ಬಗೆಯ ಪ್ರಕರಣ ಮತ್ತೆ ಮತ್ತೆ ಬರುತ್ತದೆ. ಸ್ವದೇಶದಲ್ಲಿ ತೀರದ ಸಾಲ, ಇಲ್ಲಿ ಕೂಲಿ ಕೆಲಸ, ಕೈಯಲ್ಲಿ ವಲಸೆ ಇಲಾಖೆಯ ನಿರಾಕರಣೆ ಪತ್ರ. ಇಲ್ಲಿ ಹೇಳುತ್ತಿರುವುದು ಅಂಥ ಒಬ್ಬರ ಕಥೆ; ಅವರ ಗುರುತು ಸಿಗುವಂಥ ವಿವರಗಳನ್ನು ಬಿಟ್ಟಿದ್ದೇನೆ. ವ್ಯಾಪಾರ ಮುಳುಗಿ, ಹೆಂಡತಿ ಮಕ್ಕಳನ್ನು ಬಿಟ್ಟು ಬಂದಿದ್ದ ಅವರು, ನಿದ್ರೆ ಬಾರದೆಂದು ನನ್ನ ಬಳಿ ಬಂದರು. ಇಲಾಖೆಯ ತೀರ್ಮಾನವನ್ನು ಮರುಪರಿಶೀಲಿಸುವ ಆಡಳಿತ ಪುನರ್ವಿಮರ್ಶಾ ನ್ಯಾಯಮಂಡಳಿಗೆ 28 ದಿನಗಳ ಗಡುವಿನೊಳಗೆ ಅರ್ಜಿ ಸಲ್ಲಿಕೆಯಾಗಿತ್ತು. ವಿಚಾರಣೆಯ ದಿನವೂ ಗೊತ್ತಾಗಿತ್ತು.

ವಿಚಾರಣೆಗೆ ಮುಂಚಿನ ಭೇಟಿಯಲ್ಲಿ ಅವರು ಮಡಚಿದ ಹಾಳೆಯೊಂದನ್ನು ಮೇಜಿನ ಮೇಲಿಟ್ಟರು. ನ್ಯಾಯಮಂಡಳಿಗೆ ಸಲ್ಲಿಸಲೆಂದು ಜೊತೆಯಲ್ಲಿ ದುಡಿಯುವ ಯಾರೋ ಟೈಪು ಮಾಡಿಸಿ ಕೊಟ್ಟದ್ದು. ಓದಿ ಹೇಳಿ ಎಂದೆ. ಆಡಳಿತ ಪಕ್ಷದ ವಿರುದ್ಧ ಪ್ರಚಾರ, ರಾತ್ರಿ ಮನೆಗೆ ನುಗ್ಗಿದ ಗುಂಪು, ಅಣ್ಣನ ತಲೆಗೆ ಬಿದ್ದ ಏಟು. ಅಲ್ಲಿಗೆ ಓದು ನಿಂತಿತು.

“ಮೇಡಂ, ನನಗೆ ಅಣ್ಣನೇ ಇಲ್ಲ” ಎಂದರು. ಸ್ವಲ್ಪ ಹೊತ್ತಿನ ಮೇಲೆ, “ಆದರೆ ಸಾಲಕ್ಕೆ ಹೆದರಿ ಬಂದೆ ಅಂದರೆ ಯಾರು ಕೇಳುತ್ತಾರೆ?” ಎಂದರು.

ಪ್ರಶ್ನೆ ನ್ಯಾಯವಾದದ್ದೇ. ಬದುಕುವುದೇ ಕಷ್ಟವಾಗುವಷ್ಟು ಆರ್ಥಿಕ ಸಂಕಷ್ಟವನ್ನು ಇಲ್ಲಿನ ವಲಸೆ ಕಾಯ್ದೆಯೂ ಗಂಭೀರ ಹಾನಿಯೆಂದು ಒಪ್ಪುತ್ತದೆ. ಆದರೆ ಜನಾಂಗ, ಧರ್ಮ, ರಾಷ್ಟ್ರೀಯತೆ, ರಾಜಕೀಯ ಅಭಿಪ್ರಾಯ ಅಥವಾ ನಿರ್ದಿಷ್ಟ ಸಾಮಾಜಿಕ ಗುಂಪಿಗೆ ಸೇರಿರುವುದು, ಈ ಐದರಲ್ಲಿ ಒಂದಾದರೂ ಆ ಹಾನಿಗೆ ಮುಖ್ಯ ಕಾರಣವಾಗಿರಬೇಕು. ಹಾಗಾಗಿ, ಪರವಾನಗಿ, ಬ್ಯಾಂಕ್ ಸಾಲ, ಪೊಲೀಸರ ನೆರವು ಇವುಗಳಲ್ಲಿ ಯಾವುದನ್ನಾದರೂ ನೀವು ಇಂಥವರೆಂಬ ಕಾರಣಕ್ಕೆ ತಡೆದಿದ್ದರೇ ಎಂದು ಕೇಳಿದೆ. ಬಹಳ ಯೋಚಿಸಿ, “ಇಲ್ಲ, ಸಾಲ ಕೊಟ್ಟವರು ಎಲ್ಲರನ್ನೂ ಹಾಗೆಯೇ ಪೀಡಿಸುತ್ತಾರೆ” ಎಂದರು. ಮನೆಯವರಿಗೆ ಏನು ಹೇಳಿದ್ದೀರಿ ಎಂದದ್ದಕ್ಕೆ, “ವೀಸಾ ಕಾಗದ ಇನ್ನೇನು ಬಂದೇಬಿಡುತ್ತದೆ ಅಂದಿದ್ದೇನೆ” ಎಂದು ತಲೆ ತಗ್ಗಿಸಿದರು.

ಹಾಳೆಯನ್ನು ಸಲ್ಲಿಸಬೇಡಿ, ಸಾಲದ ಕಥೆಯನ್ನು ಇದ್ದಂತೆ ಹೇಳಿ, ಹೆಂಡತಿಗೂ ವಿಚಾರಣೆಗೆ ಮೊದಲೇ ನಿಜ ತಿಳಿಸಿ ಎಂದೆ. ಕಾನೂನು ಸಲಹೆ ಕೊಡುವ ಅಧಿಕಾರ ನನಗಿಲ್ಲ; ನೋಂದಾಯಿತ ವಲಸೆ ಏಜೆಂಟರು ಮತ್ತು ವಕೀಲರಿಗಷ್ಟೇ ಇದೆ. ಆದ್ದರಿಂದ ಉಚಿತ ಕಾನೂನು ನೆರವಿನ ವಕೀಲರೊಬ್ಬರ ಬಳಿ ಕಳುಹಿಸಿದೆ. ಈ ಹಂತದಲ್ಲಿ ಸರಿಯಾದ ವಿವರಣೆಯಿಲ್ಲದೆ ಹೊಸ ಕಥೆ ತಂದರೆ ನ್ಯಾಯಮಂಡಳಿ ಅದನ್ನು ನಂಬಲರ್ಹವಲ್ಲ ಎಂಬ ಕಡೆಗೇ ತೂಗುತ್ತದೆ ಎಂದು ಆ ವಕೀಲರೂ ಎಚ್ಚರಿಸಿದರು.

ಧೈರ್ಯ ತುಂಬಬೇಕಾದವಳೇ ಆಸೆ ಕತ್ತರಿಸಿದೆ ಎಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ನಾನು ಒಪ್ಪುವುದಿಲ್ಲ. ಒಮ್ಮೆ ತನ್ನದೆಂದು ಹೇಳಿದ ಸುಳ್ಳನ್ನು ಪ್ರತಿ ವಿಚಾರಣೆಯಲ್ಲೂ ನೆನಪಿಟ್ಟು ಒಪ್ಪಿಸಬೇಕಾಗುತ್ತದೆ. ಮೊದಲೇ ನಿದ್ರೆಗೆಟ್ಟವರ ತಲೆಯ ಮೇಲೆ ಆ ಹೊರೆಯನ್ನೂ ಹೇರುವುದು ಧೈರ್ಯ ತುಂಬುವುದಲ್ಲ. ಹಾಳೆ ಬರೆಸಿ ಕೊಡುವವರಿಗೆ ಇದರಲ್ಲಿ ಕಳೆದುಕೊಳ್ಳುವುದೇನೂ ಇರುವುದಿಲ್ಲ ಎಂಬುದು ಬೇರೆ ಮಾತು.

ನ್ಯಾಯಮಂಡಳಿ ಅವರ ಕಷ್ಟವನ್ನು ನಂಬಿತು, ನಿರಾಕರಣೆಯನ್ನು ಎತ್ತಿಹಿಡಿಯಿತು. ಕೋರ್ಟಿಗೆ ಹೋಗಲು 35 ದಿನಗಳ ಅವಕಾಶವಿತ್ತು. ಆದರೆ ಕೋರ್ಟು ಕಾನೂನಿನ ತಪ್ಪನ್ನಷ್ಟೇ ನೋಡುತ್ತದೆ, ಅಂಥದ್ದು ವಕೀಲರಿಗೆ ಕಾಣಲಿಲ್ಲ. ಹೆಂಡತಿಗೆ ಅವರು ಮೊದಲೇ ಹೇಳಿದ್ದರು. ಸಾಲ ಕೊಟ್ಟವರ ಜೊತೆ ಕಂತಿನ ಮಾತುಕತೆಯನ್ನು ಆಕೆಯೇ ಶುರುಮಾಡಿದರು. ಹಿಂದಿರುಗುವ ಮುನ್ನ ತಾವು ಎಷ್ಟು ಕಂತಿಗೆ ಒಪ್ಪಬಹುದು ಎಂಬ ಲೆಕ್ಕದಲ್ಲೇ ನಮ್ಮ ಉಳಿದ ಭೇಟಿಗಳು ಕಳೆದವು.