ಗೋಡೆಯ ಮೇಲೆ ನಿಮ್ಮ ಅಂಗಳದ ಗಿಡಗಳೇ ಇರಲಿ

ಪ್ರಶ್ನೆ: ನಮ್ಮ ಬಡಾವಣೆಯ ಉದ್ಯಾನದ ಉದ್ದನೆಯ ಕಾಂಪೌಂಡ್ ಗೋಡೆಯ ಮೇಲೆ ಗಿಡ, ಬಳ್ಳಿ, ಹೂಗಳ ಚಿತ್ರವನ್ನು ನಿವಾಸಿಗಳೇ ಸೇರಿ ಬರೆಯಬೇಕೆಂದಿದ್ದೇವೆ. ಚಿತ್ರಕಲೆ ಬಲ್ಲವರು ಇಬ್ಬರೇ ಇದ್ದಾರೆ. ಮಳೆಗಾಲದಲ್ಲಿ ಗೋಡೆ ಪಾಚಿಗಟ್ಟುತ್ತದೆ. ಯಾವ ಗಿಡಗಳನ್ನು ಆರಿಸಬೇಕು, ಎಲ್ಲರೂ ಕೈಜೋಡಿಸುವುದು ಹೇಗೆ, ಬಣ್ಣ ಉಳಿದೀತೇ?
– ಓದುಗರೊಬ್ಬರು, ಚಿಕ್ಕಮಗಳೂರು

ಉತ್ತರ: ಗಿಡಗಳನ್ನು ಮೊಬೈಲಿನಲ್ಲಿ ಹುಡುಕದೆ ನಿಮ್ಮ ಅಂಗಳಗಳಲ್ಲಿಯೇ ಹುಡುಕಿ ಎಂಬುದು ನನ್ನ ಮೊದಲ ವಿನಂತಿ. ಮಳೆಗಾಲದ ಡೇರೆ ಹೂ, ಕರ್ಣಕುಂಡಲ, ಮರಕ್ಕೆ ಹಬ್ಬಿದ ಕಾಳುಮೆಣಸು, ಮಳೆ ಹಿಡಿಯುವ ಹೊತ್ತಿಗೆ ಕೊಂಬೆಯಿಂದ ತೂಗುವ ಸೀತಾಳೆ ದಂಡೆ ಎಂಬ ಆರ್ಕಿಡ್ ಹೂ – ಹೀಗೆ ಪ್ರತಿ ಮನೆಯವರೂ ತಮ್ಮದೊಂದು ಗಿಡವನ್ನು ಸೂಚಿಸಿ, ಅದರ ರೆಂಬೆಯನ್ನು ಎದುರಿಗಿಟ್ಟುಕೊಂಡು ಕಾಗದದ ಮೇಲೆ ಬರೆಯಲಿ. ಹಾಗೆ ನೋಡಿದಾಗಲೇ ಕಾಣುವ ಸಂಗತಿಗಳಿವೆ. ಕಾಫಿ ಗಿಡದ ಎಲೆಗಳು ಪ್ರತಿ ಗೆಣ್ಣಿನಲ್ಲಿಯೂ ಎದುರುಬದುರು ಜೋಡಿಯಾಗಿ ಹೊರಡುತ್ತವೆ, ಹೂಗಳು ಆ ಎಲೆಗಳ ಬುಡದಲ್ಲಿಯೇ ಗೊಂಚಲಾಗಿ ಅಂಟಿಕೊಂಡಿರುತ್ತವೆ. ಮೆಣಸಿನ ಬಳ್ಳಿಯಲ್ಲಾದರೆ ಗೆಣ್ಣಿಗೊಂದೇ ಎಲೆ, ಅದರ ಎದುರು ಬದಿಯಿಂದ ಕಾಳಿನ ತೆನೆ ಇಳಿಬಿದ್ದಿರುತ್ತದೆ. ಇಷ್ಟು ಸರಿಯಿದ್ದರೆ ತೋಟದ ಕೆಲಸಕ್ಕೆ ಹೋಗುವವರೂ ಗೋಡೆಯ ಮುಂದೆ ನಿಂತು ಗಿಡವನ್ನು ಗುರುತು ಹಿಡಿಯುತ್ತಾರೆ.

ಕಾಫಿಯ ಬಿಳಿ ಹೂವನ್ನೂ ಕೆಂಪು ಹಣ್ಣನ್ನೂ ಒಂದೇ ರೆಂಬೆಗೆ ತುಂಬಬೇಡಿ. ಮಾರ್ಚ್–ಏಪ್ರಿಲ್‌ನಲ್ಲಿ ಹೂಮಳೆ, ಎಂದರೆ ಕಾಫಿಯ ಮೊಗ್ಗನ್ನು ಅರಳಿಸುವ ಮಳೆ, ಬಿದ್ದ ಎಂಟು-ಹತ್ತು ದಿನಗಳಲ್ಲಿ ಅರಳುವ ಅರೇಬಿಕಾ ಜಾತಿಯ ಕಾಫಿ ಹಣ್ಣಾಗುವುದು ನವೆಂಬರ್ ಸುಮಾರಿಗೆ. ಗೋಡೆ ಉದ್ದವಿರುವುದರಿಂದ ಎಡತುದಿಯಲ್ಲಿ ಹೂಮಳೆ, ನಡುವೆ ಡೇರೆ, ಬಲತುದಿಯಲ್ಲಿ ಕಾಫಿ ಕೊಯ್ಲು ಎಂದು ಇಡೀ ವರ್ಷವನ್ನೇ ಸಾಲಾಗಿ ಬರೆಯಬಹುದು. ನನಗಂತೂ ಇದು ತುಂಬ ಇಷ್ಟವಾದ ಕ್ರಮ.

ಚಿತ್ರ ಬಲ್ಲ ಇಬ್ಬರೂ ಬಣ್ಣ ತುಂಬುವ ಕೆಲಸವನ್ನು ಉಳಿದವರಿಗೆ ಬಿಡಲಿ. ಅವರು ಕಾಗದದ ಚಿತ್ರಗಳನ್ನು ಜೋಡಿಸಿ ಅದರ ಮೇಲೆ ಚೌಕಗಳನ್ನು ಎಳೆದು, ಗೋಡೆಯ ಮೇಲೂ ಅಷ್ಟೇ ಸಂಖ್ಯೆಯ ದೊಡ್ಡ ಚೌಕಗಳನ್ನು ಸೀಮೆಸುಣ್ಣ ಸವರಿದ ದಾರದಿಂದ ಹೊಡೆದು, ಹೊರಗೆರೆಗಳನ್ನು ಮಾತ್ರ ಬರೆದು, ಪ್ರತಿ ಎಲೆ ಮತ್ತು ದಳದೊಳಗೆ ಬಣ್ಣದ ಅಂಕೆಯನ್ನು ನಮೂದಿಸಿದರೆ ಸಾಕು. ಬಣ್ಣದ ಡಬ್ಬಿಗಳ ಮೇಲೆಯೂ ಅದೇ ಅಂಕೆಗಳಿರಲಿ. ಕುಂಚ ಹಿಡಿದೇ ಇಲ್ಲದವರೂ ಆಗ ಧೈರ್ಯವಾಗಿ ಬರುತ್ತಾರೆ. ಕೆಳಗಿನ ಚೌಕಗಳು ಮಕ್ಕಳಿಗೂ ಕುರ್ಚಿಯಲ್ಲಿ ಕುಳಿತು ಬರೆಯುವ ಹಿರಿಯರಿಗೂ ಮೀಸಲಿರಲಿ.

ಬಣ್ಣದ ಬಾಳಿಕೆ ಗೋಡೆಯ ಒಣಗುವಿಕೆಯನ್ನೇ ಅವಲಂಬಿಸಿದೆ. ಆದ್ದರಿಂದ ಜನವರಿ–ಫೆಬ್ರವರಿಯಲ್ಲಿ ಕೆಲಸ ಹಿಡಿಯಿರಿ. ಪಾಚಿಯನ್ನು ತಂತಿಯ ಬ್ರಷ್‌ನಿಂದ ಕೆರೆದು, ಬ್ಲೀಚಿಂಗ್ ಪುಡಿಯ ನೀರು ಹಚ್ಚಿ, ಚೆನ್ನಾಗಿ ತೊಳೆದು, ಪೂರ್ತಿ ಒಣಗಿದ ಮೇಲೆಯೇ ಹೊರಗೋಡೆಯ ಪ್ರೈಮರ್, ಅನಂತರ ಹೊರಗೋಡೆಗೆಂದೇ ಇರುವ ಅಕ್ರಿಲಿಕ್ ಎಮಲ್ಷನ್ ಬಳಸಿ. ಆಯಿಲ್ ಪೇಂಟ್ ಬೇಡ. ಅದು ಒಳಗಿನ ತೇವವನ್ನು ಹೊರಬಿಡದೆ ಗುಳ್ಳೆಯೆದ್ದು ಸಿಪ್ಪೆ ಕಳಚುತ್ತದೆ. ಗೋಡೆಯ ನೆತ್ತಿಯ ಬಿರುಕುಗಳನ್ನು ಮುಚ್ಚಿಸಿ. ಮಳೆಯ ಹನಿಗೆ ಕೆಸರು ಸಿಡಿಯುವ ಬುಡದ ಒಂದೂವರೆ ಅಡಿಗೆ ಚಿತ್ರ ಬೇಡ, ಕೆಮ್ಮಣ್ಣಿನ ಬಣ್ಣವನ್ನಷ್ಟೇ ಬಳಿಯಿರಿ.

ಉದ್ಯಾನ ನಗರಸಭೆಯದಾಗಿದ್ದರೆ, ಬಣ್ಣ ಕೊಳ್ಳುವ ಮೊದಲೇ ನಕ್ಷೆಯೊಡನೆ ಅರ್ಜಿ ಕೊಟ್ಟು ಲಿಖಿತ ಒಪ್ಪಿಗೆ ಪಡೆಯಿರಿ.