ಗವರ್ನರ್ ಪ್ರೈಮರಿಯಲ್ಲಿ ಹೆಚ್ಚು ಮತ ಬಂದರೂ ಟಿಕೆಟ್ ತಪ್ಪಬಹುದಾ?

ಅಮೆರಿಕದಲ್ಲಿ ಗವರ್ನರ್ ಸ್ಥಾನದ ಟಿಕೆಟ್ಟಿಗಾಗಿ ಪಕ್ಷದೊಳಗೆ ನಡೆಯುವ ಚುನಾವಣೆಯಲ್ಲಿ ಜಾಸ್ತಿ ಮತ ಪಡೆದವರು ಸೋತದ್ದುಂಟಾ ಎಂದು ಕೇಳಿದ್ದೀರಿ. ಉಂಟು. 1946ರಲ್ಲಿ ಜಾರ್ಜಿಯಾದಲ್ಲಿ ಹಾಗೇ ಆಯಿತು.

ಅಲ್ಲಿನ ಗವರ್ನರ್ ನಮ್ಮ ರಾಜ್ಯಪಾಲರಂತಲ್ಲ, ಹೆಚ್ಚುಕಡಿಮೆ ಮುಖ್ಯಮಂತ್ರಿ. ನಮ್ಮಲ್ಲಿ ಹೈಕಮಾಂಡ್ ಬಿ ಫಾರಂ ಕೊಟ್ಟು ಮುಗಿಸುವ ಕೆಲಸವನ್ನು ಅಲ್ಲಿ ಪ್ರೈಮರಿಯಲ್ಲಿ ಮತದಾರರು ಮಾಡುತ್ತಾರೆ. ಆಗ ದಕ್ಷಿಣದಲ್ಲಿ ಡೆಮಾಕ್ರಟಿಕ್ ಪಕ್ಷಕ್ಕೆ ಎದುರಾಳಿಯೇ ಇಲ್ಲದಂತಿತ್ತು. ಪ್ರೈಮರಿ ಗೆದ್ದರೆ ಗವರ್ನರ್ ಆದಂತೆಯೇ, ನವೆಂಬರ್ ಚುನಾವಣೆ ಶಾಸ್ತ್ರಕ್ಕೆ.

ಜಾರ್ಜಿಯಾದ ಲೆಕ್ಕ ಹೀಗಿತ್ತು. 1917ರ ನೀಲ್ ಕಾಯ್ದೆಯ ಪ್ರಕಾರ ಎಣಿಸಬೇಕಾದದ್ದು ಮತಗಳನ್ನಲ್ಲ, ಕೌಂಟಿಗಳ (ನಮ್ಮ ಜಿಲ್ಲೆಗಳಂಥವು) 'ಯೂನಿಟ್'ಗಳನ್ನು. ಒಟ್ಟು 159 ಕೌಂಟಿ. ದೊಡ್ಡ 8ಕ್ಕೆ ತಲಾ 6 ಯೂನಿಟ್, ನಂತರದ 30ಕ್ಕೆ ತಲಾ 4, ಉಳಿದ 121ಕ್ಕೆ ತಲಾ 2. ಕೂಡಿದರೆ 410, ಗೆಲ್ಲಲು ಬೇಕಾದದ್ದು 206. ಅಂದರೆ ಸಣ್ಣ ಕೌಂಟಿಗಳಲ್ಲಿ 103 ಸಿಕ್ಕರೆ ಸಾಕು, ಅಟ್ಲಾಂಟಾದಂಥ ದೊಡ್ಡ ನಗರದ ಕಡೆ ತಲೆ ಹಾಕದೆಯೂ ಗೆಲ್ಲಬಹುದು. ಕೌಂಟಿಯಲ್ಲಿ ಒಂದು ಮತ ಮುಂದಿದ್ದರೂ ಅಲ್ಲಿನ ಯೂನಿಟ್ ಪೂರ್ತಿ ನಿಮ್ಮದೇ. ಟ್ರಾಮ್ ಓಡುವ ಊರಿನ ಮತ ನನಗೆ ಬೇಡ ಎಂದು ಅಲ್ಲಿ ಹಿಂದೆಯೇ ಗವರ್ನರ್ ಆಗಿದ್ದ ಯೂಜೀನ್ ಟಾಲ್ಮಡ್ಜ್ ಹೇಳುತ್ತಿದ್ದರೆಂಬ ಮಾತು ಚಾಲ್ತಿಯಲ್ಲಿದೆ. ಈ ಲೆಕ್ಕ ಗೊತ್ತಿದ್ದವರಿಗೆ ಅದು ಬಡಾಯಿ ಅನ್ನಿಸುವುದಿಲ್ಲ.

1946ರ ಪ್ರೈಮರಿಯಲ್ಲಿ ಎದುರಾಳಿ ಜೇಮ್ಸ್ ಕಾರ್ಮೈಕಲ್ ಅವರಿಗೆ ಟಾಲ್ಮಡ್ಜ್‌ಗಿಂತ ಸುಮಾರು 16 ಸಾವಿರ ಮತ ಹೆಚ್ಚು ಬಂತು. ಯೂನಿಟ್ ಮಾತ್ರ ಟಾಲ್ಮಡ್ಜ್‌ಗೆ 242, ಕಾರ್ಮೈಕಲ್‌ಗೆ 146. ಬಿಳಿಯರಿಗಷ್ಟೇ ಮೀಸಲಾಗಿದ್ದ ಪ್ರೈಮರಿಯನ್ನು ಕೋರ್ಟು ರದ್ದು ಮಾಡಿದ್ದರಿಂದ ಕಪ್ಪು ಜನ ದೊಡ್ಡ ಸಂಖ್ಯೆಯಲ್ಲಿ ಮತ ಹಾಕಿದ ವರ್ಷವದು. ನಗರಗಳಲ್ಲಿ ಬಿದ್ದ ಆ ಮತಗಳ ಬೆಲೆಯನ್ನು ಯೂನಿಟ್ ಪದ್ಧತಿ ನುಂಗಿಹಾಕಿತು. ಗೆದ್ದ ಟಾಲ್ಮಡ್ಜ್ ಪ್ರಮಾಣವಚನಕ್ಕೂ ಮುಂಚೆ, ಡಿಸೆಂಬರಿನಲ್ಲಿ ತೀರಿಕೊಂಡರು. ಆಮೇಲೆ ಮೂವರು ತಾವೇ ಗವರ್ನರ್ ಎಂದು ಕೂತದ್ದು ಬೇರೆಯೇ ರಂಪ.

ಈ ಪದ್ಧತಿ ಬಿದ್ದದ್ದು 'ಗ್ರೇ ವಿರುದ್ಧ ಸ್ಯಾಂಡರ್ಸ್' ಮೊಕದ್ದಮೆಯಲ್ಲಿ. 1962ರಲ್ಲಿ ಕೆಳಗಿನ ಕೋರ್ಟು ತಡೆದು, 1963ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಎಕೋಲ್ಸ್ ಕೌಂಟಿಯ 1,876 ಜನಕ್ಕೆ 2 ಯೂನಿಟ್, ಅಟ್ಲಾಂಟಾ ಇರುವ ಫುಲ್ಟನ್‌ನ 5,56,326 ಜನಕ್ಕೆ 6. ಭಾಗಿಸಿ ನೋಡಿ: ಒಂದು ಯೂನಿಟ್ಟಿಗೆ ಅಲ್ಲಿ 938 ಜನ, ಇಲ್ಲಿ 92,721.

ಇನ್ನೊಂದು ದಾರಿ ಎರಡನೇ ಸುತ್ತು. ದಕ್ಷಿಣದ ಹಲವು ರಾಜ್ಯಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮತ ಯಾರಿಗೂ ಬರದಿದ್ದರೆ ಮೊದಲ ಇಬ್ಬರ ನಡುವೆ ಮತ್ತೆ ಮತದಾನ. 1970ರಲ್ಲಿ ಅಲಬಾಮಾದಲ್ಲಿ ಆಲ್ಬರ್ಟ್ ಬ್ರೂವರ್ ಮೊದಲ ಸುತ್ತಿನಲ್ಲಿ ಮುಂದಿದ್ದರು, ಎರಡನೆಯದರಲ್ಲಿ ಜಾರ್ಜ್ ವ್ಯಾಲೇಸ್ ಗೆದ್ದರು. ಕಾನ್ಸಸ್‌ನಲ್ಲಿ ಈ ನಿಯಮವಿಲ್ಲ. ಹಾಗಾಗಿ 2018ರಲ್ಲಿ ಹಾಲಿ ಗವರ್ನರ್ ಜೆಫ್ ಕೋಲ್ಯರ್ ಒಂದೇ ಸುತ್ತಿನಲ್ಲಿ, ಬರೀ 343 ಮತದಿಂದ, ಕ್ರಿಸ್ ಕೋಬಾಕ್‌ಗೆ ಸೋತರು.

ಎರಡನೇ ಸುತ್ತನ್ನೂ ಗೆದ್ದು ಟಿಕೆಟ್ ಕಳೆದುಕೊಂಡವರಿದ್ದಾರೆ. 1986ರಲ್ಲಿ ಅಲಬಾಮಾದ ಅಟಾರ್ನಿ ಜನರಲ್ ಚಾರ್ಲಿ ಗ್ರ್ಯಾಡಿಕ್ ಎಣಿಕೆಯಲ್ಲಿ ಬಿಲ್ ಬ್ಯಾಕ್ಸ್‌ಲೀಗಿಂತ ಮುಂದಿದ್ದರು. ಆದರೆ ರಿಪಬ್ಲಿಕನ್ ಪ್ರೈಮರಿಯಲ್ಲಿ ಮತ ಹಾಕಿದವರು ಡೆಮಾಕ್ರಟಿಕ್ ಎರಡನೇ ಸುತ್ತಿಗೆ ಬರುವಂತಿಲ್ಲ ಎಂಬುದು ಪಕ್ಷದ ನಿಯಮ. ಅಂಥ ಮತದಾರರನ್ನು ಗ್ರ್ಯಾಡಿಕ್ ಬಹಿರಂಗವಾಗಿಯೇ ಕರೆದಿದ್ದರು. ತಕರಾರು ಕೋರ್ಟು ಮೆಟ್ಟಿಲೇರಿ, ಕೊನೆಗೆ ಪಕ್ಷ ಟಿಕೆಟನ್ನು ಬ್ಯಾಕ್ಸ್‌ಲೀ ಕೈಗಿತ್ತಿತು. ಸಿಟ್ಟಿಗೆದ್ದ ಮತದಾರರು ನವೆಂಬರಿನಲ್ಲಿ ಗೈ ಹಂಟ್ ಅವರನ್ನು ಗೆಲ್ಲಿಸಿದರು. ನೂರು ವರ್ಷಕ್ಕೂ ಹೆಚ್ಚು ಕಾಲದ ನಂತರ ಅಲಬಾಮಾ ಕಂಡ ಮೊದಲ ರಿಪಬ್ಲಿಕನ್ ಗವರ್ನರ್ ಅವರು.